ಬಳೆಗಾರ್ತಿ ರಹಿಮಾಬಿಯ ನಾಷ್ಟಾ

ಮೊದಲೇ ಹೇಳಿಬಿಡುತ್ತೇನೆ. ಇಂಡಿ ತಾಲ್ಲೂಕಿನಲ್ಲಿ ಸೊಸೆಯಂದಿರಿಗೆ ಪರೀಕ್ಷೆ ಇಟ್ಟರೆ ಮುಂಜಾನೆಯ ನಾಷ್ಟಾದ ವಿಷಯದಲ್ಲಿ ನಾನೇ ಮೊದಲು ಬರುವವಳು. ಇದು ಜಂಬದ ಮಾತಲ್ಲ. ಸರಿ, ಸ್ವಲ್ಪ ಜಂಬವೂ ಇದೆ, ಇರಲಿ. ನಸುಕಿನಲ್ಲೇ ಎದ್ದು ಮಡಕಿ ಕಾಳಿನ ಉಸುಳಿ ಮಾಡಿ, ಜೋಳದ ರೊಟ್ಟಿ ಬಡಿದು, ಹಸಿ ಮೆಂತ್ಯೆ ತೊಳೆದು ಅತ್ತೆಯ ತಾಟಿಗೆ ಹಾಕುವವಳು ನಾನು. ಅಂಥವಳನ್ನು ವಿಜಯಪುರದ ಕಣ್ಣಿನ ಡಾಕ್ಟರರು ಹತ್ತು ಮಂದಿಯ ಎದುರು, "ಮನೆಯಲ್ಲಿ ಇವರಿಗೆ ಏನು ತಿನ್ನಿಸ್ತೀರಮ್ಮ? ದಿನಾ ಹೋಳಿಗೆ ಹಾಕ್ತೀರೇನು?" ಎಂದು ಕೇಳಿದರೆ ಹೇಗಾಗಬೇಡ! ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಡಾಕ್ಟರರಿಗೆ ತಿರುಗಿ ಮಾತಾಡುವಂತಿಲ್ಲ, ನುಂಗಿಕೊಂಡು ಬಂದೆ.

ಆ "ಇವರು" ಎಂದರೆ ನಮ್ಮ ಅತ್ತೆ ರಹಿಮಾಬಿ. ಅರವತ್ತು ದಾಟಿದೆ. ಎಷ್ಟು ದಾಟಿದೆ ಎಂದು ಅವರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿಗೂ ಗೊತ್ತಿಲ್ಲ. ಹುಟ್ಟಿದ್ದು ಸಿಂದಗಿ ಕಡೆಯ ದೇವಣಗಾಂವದಲ್ಲಿ. ಅವರ ತಾಯಿ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ತಿರುಗಿದವರು. ಮಲಾರ ಎಂದರೆ ಬಳೆ ಪೋಣಿಸಿದ ಹುರಿಗಳನ್ನು ಒಟ್ಟು ಕಟ್ಟಿದ ಹೊರೆ. ಅತ್ತೆ ಮದುವೆಯಾಗಿ ಇಂಡಿಗೆ ಬಂದಾಗ ತವರಿನಿಂದ ತಂದದ್ದು ಒಂದು ಮಲಾರ, ಒಂದು ದೊಡ್ಡ ಬಾಯಿ. ಮಾವ ತೀರಿಕೊಂಡಾಗ ನನ್ನ ಗಂಡ ಇಜಾಜನಿಗೆ ಇನ್ನೂ ಹಾಲುಹಲ್ಲು, ನಾದಿನಿ ಬುಶ್ರಾ ತೊಟ್ಟಿಲಲ್ಲಿ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳು ಮುಗಿದ ಮರುದಿನವೇ ಅತ್ತೆ ಮತ್ತೆ ಮಲಾರ ಹೊತ್ತು ಹೊರಬಿದ್ದರು. ಯಾರೋ ಒಬ್ಬಾಕೆ, "ನಿನ್ನ ಕೈಯಾಗ ಬಳಿ ಇಲ್ಲ, ನಮಗೇನ ಬಳಿ ಇಡ್ತಿ?" ಎಂದು ಮೂಗು ಮುರಿದಳಂತೆ. "ನನ್ನ ಕೈ ಖಾಲಿ ಐತೆವ್ವಾ, ಖರೇ. ಅದಕ್ಕ ನಿಮ್ಮ ಕೈ ತುಂಬಿದ್ದ ನೋಡಿ ಖುಷಿ ಪಡ್ತೇನಿ, ಹಿಡಿ ಇತ್ತ," ಎಂದು ಅವಳ ಕೈಯನ್ನೇ ಎಳೆದುಕೊಂಡು ಬಳೆ ಇಟ್ಟರಂತೆ. ಆ ಹೆಣ್ಣುಮಗಳು ಕೊನೆಯವರೆಗೂ ಬೇರೆಯವರ ಹತ್ತಿರ ಬಳೆ ಇಡಿಸಿಕೊಳ್ಳಲಿಲ್ಲ.

ಅವರ ಕೆಲಸ ನೋಡಬೇಕು. ಹೆಬ್ಬೆರಳಿನ ಬುಡವನ್ನೊಮ್ಮೆ ಒತ್ತಿದರೆ ಆ ಕೈಗೆ ಯಾವ ಅಳತೆ ಎಂದು ಗೊತ್ತಾಗಿಬಿಡುತ್ತದೆ. ಹುಡುಗಿಯ ಜೊತೆ ಅತ್ತೆಮನೆಯ ಸುದ್ದಿ ತೆಗೆದು ಅವಳನ್ನು ನಗಿಸುತ್ತಾರೆ, ಅವಳು ನಗುವ ಹೊತ್ತಿಗೆ ಬಳೆ ಮಣಿಕಟ್ಟಿನಲ್ಲಿರುತ್ತದೆ. ಆದರೆ ಅಳತೆಗೆ ಬೆರಳು ಸಾಕಾದರೂ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅದನ್ನು ಕಾಣಲು ಕಣ್ಣೇ ಬೇಕು. ಆ ಕಣ್ಣಿಗೇ ಪೊರೆ ಬಂದಿತ್ತು. ಬಲಗಣ್ಣು ಪೂರ್ತಿ ಮಬ್ಬು, ಎಡಗಣ್ಣು ಅದರ ಹಾದಿಯಲ್ಲೇ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಬಳೆಯೊಂದು ಕಾಣದೆ ಒಬ್ಬ ಹುಡುಗಿಯ ಮಣಿಕಟ್ಟು ಕೊಯ್ದು ರಕ್ತ ಬಂತು. ಅಂದು ಮನೆಗೆ ಬಂದ ಅತ್ತೆ ಮಲಾರವನ್ನು ಗೂಟಕ್ಕೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿದವರು ಉಣ್ಣಲು ಏಳಲಿಲ್ಲ.

"ಕಣ್ಣ ಮಾಡಿಸ್ರಿ, ಇಲ್ಲಾ ನನ್ನ ಮಣ್ಣ ಮಾಡ್ರಿ," ಎಂದರು ಬೆಳಿಗ್ಗೆ. "ಮೂಲ್ಯಾಗ ಕುಂತು ಯಾರ ಬಂದ್ರು, ಯಾರ ಹ್ವಾದ್ರು ಅಂತ ಕೇಳೂ ಹೆಣಮಗಳಲ್ಲ ನಾ."

ಮಾಡಿಸಲು ನಾವು ತಯಾರು. ಆದರೆ ಸಕ್ಕರೆ ಬಿಡಬೇಕಲ್ಲ! ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಆರೇಳು ವರ್ಷವಾಯಿತು. ಗುಳಿಗೆ ತಪ್ಪಿಸುವವರಲ್ಲ. ಆದರೂ ಆಸ್ಪತ್ರೆಗೆ ಹೋದಾಗೆಲ್ಲ ಮುನ್ನೂರರ ಹತ್ತಿರ ತೋರಿಸುತ್ತಿತ್ತು. ಇನ್ನೂರರ ಒಳಗೆ ಬಂದರೆ ಮಾತ್ರ ಕಣ್ಣು ಮುಟ್ಟುತ್ತೇನೆ, ಇಲ್ಲದಿದ್ದರೆ ಗಾಯ ಮಾಯುವುದಿಲ್ಲ, ಕಣ್ಣೇ ಹೋಗಬಹುದು ಎಂದರು ಡಾಕ್ಟರರು. ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಕೊಟ್ಟ ತಾರೀಖು ಮುಂದಿನ ಅಮಾವಾಸ್ಯೆ ಕಳೆದು ಬರುವ ಸೋಮವಾರ. ತಡಮಾಡಿದಷ್ಟೂ ಪೊರೆ ಗಟ್ಟಿಯಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದೂ ಹೇಳಿದರು. ಸಿಂದಗಿಯಿಂದ ನಾದಿನಿ ಬುಶ್ರಾ ಫೋನು ಮಾಡಿದಳು.

"ವೈನಿ, ನಮ್ಮ ಅವ್ವಗ ಸರಿ ನೋಡ್ಕೋಳಾಕ ಆಗೂದಿಲ್ಲಂದ್ರ ಹೇಳಿಬಿಡು. ನಾ ಕರ್ಕೊಂಡ ಬರ್ತೇನಿ."

"ಬಾ ತಂಗಿ, ಬಂದು ಕರ್ಕೊಂಡ ಹೋಗು. ಒಂದ ದಿನಾ ನಿಮ್ಮವ್ವನ ಬಾಯಿ ಕಾದು ತೋರ್ಸು, ನಿನ್ನ ಕಾಲ ತೊಳಿತೇನಿ," ಎಂದು ಫೋನಿಟ್ಟೆ.

ಆದರೆ ಒಳಗೆ ನೊಂದುಕೊಂಡೆ. ಊರ ಬಾಯಿಗೆ ಕೈ ಅಡ್ಡ ಹಿಡಿಯಲಾಗುತ್ತದೆಯೇ? ಹಟ ಹಿಡಿದು ಸಕ್ಕರೆ ನೋಡುವ ಮಷೀನು ತರಿಸಿದೆ. ನನ್ನ ನಾಷ್ಟಾದಲ್ಲಿ ತಪ್ಪಿದ್ದರೆ ಅದೇ ಹೇಳಲಿ ಎಂದು ದಿನಕ್ಕೊಂದು ತಿನಿಸು ಮಾಡಿ, ತಿಂದ ಎರಡು ತಾಸಿಗೆ ಅತ್ತೆಯ ಬೆರಳು ಚುಚ್ಚತೊಡಗಿದೆ. ಬಳೆ ಮಾರಲು ಹೋಗದ ದಿನಗಳವು. ಮಲಾರ ಗೂಟದಲ್ಲೇ ಇತ್ತು.

ಮೊದಲ ದಿನ ಸುಸಲಾ. ಚುರುಮುರಿ ನೆನೆಸಿ ಹಿಂಡಿ, ಒಗ್ಗರಣೆ ಕೊಟ್ಟು, ಪುಟಾಣಿ ಎಂದರೆ ಹುರಿಗಡಲೆಯ ಪುಡಿ ಉದುರಿಸಿದ ನಮ್ಮ ಕಡೆಯ ಸುಸಲಾ. ಜ್ವರ ಬಂದವರಿಗೂ ಸುಸಲಾ, ಬೀಗರು ಬಂದರೂ ಸುಸಲಾ.

"ಇದಕೇನ ಆಗೂದಿಲ್ಲ ತಗೋ," ಎಂದರು ಅತ್ತೆ. "ಚುರುಮುರಿ ಊದಿದ್ರ ಹಾರತೈತಿ. ಅಷ್ಟ ಹಗುರ. ಮ್ಯಾಲ ಲಿಂಬಿ ಹಿಂಡು. ನಮ್ಮ ಇಂಡಿ ಲಿಂಬಿಹುಳಿಗಿ ಎಂಥಾ ಸಕ್ಕರಿನೂ ಸಾಯ್ತೈತಿ."

ಇಡೀ ಊರು ಇದನ್ನೇ ನಂಬಿದೆ. ಸುತ್ತ ಲಿಂಬೆ ತೋಟವಿದ್ದವರಿಗೆ ಲಿಂಬೆಯೇ ಡಾಕ್ಟರು. ಒಂದರ ಬದಲು ಎರಡು ಹೋಳು ಹಿಂಡಿದೆ. ಎರಡು ತಾಸಿನ ಮೇಲೆ ಮಷೀನು ಇನ್ನೂರ ಎಂಬತ್ತಾರು ತೋರಿಸಿತು. ಲಿಂಬೆ ರುಚಿ ಕೊಟ್ಟಿತೇ ಹೊರತು ಸಕ್ಕರೆಯನ್ನು ಸಾಯಿಸಲಿಲ್ಲ. ಚುರುಮುರಿ ಎಂದರೇನು? ಅಕ್ಕಿಯನ್ನೇ ಹುರಿದು ಉಬ್ಬಿಸಿದ್ದು. ಹೊಟ್ಟೆಗೆ ಹೋದ ಕೂಡಲೇ ಕರಗಿ ರಕ್ತಕ್ಕೆ ಓಡುತ್ತದೆ. ಹಗುರವಾಗಿದೆ ಎಂದು ಎರಡು ಬುಟ್ಟಿ ತಿಂದರೆ ಆಗುವುದು ಇಷ್ಟೇ.

ಇಡ್ಲಿಯದೂ ಅದೇ ಕಥೆ. "ಆವಿ ಮ್ಯಾಲ ಬೆಂದದ್ದು, ಎಣ್ಣಿ ಹನಿ ಇಲ್ಲ," ಎಂದು ವಾದಿಸಿ ನಾಲ್ಕು ತಿಂದರು, ಮಷೀನು ಕೇಳಲಿಲ್ಲ. ರವೆಯ ಉಪ್ಪಿಟ್ಟೂ ಪಾಸಾಗಲಿಲ್ಲ. ಸಕ್ಕರೆ ಬಿಟ್ಟು ಬೆಲ್ಲದ ಚಹಾ ಕುಡಿದರೆ ದೋಷವಿಲ್ಲ ಎನ್ನುವ ಮಾತೂ ಬಿತ್ತು. ಬೆಲ್ಲವೇನು ಬೇರೆ ಜಾತಿಯದೇ, ಅದೂ ಕಬ್ಬಿನ ಮಗಳೇ. ಇನ್ನು ಉಳಿದದ್ದು ನನ್ನ ರೊಟ್ಟಿ. ಎದೆಯುಬ್ಬಿಸಿ ಮೂರು ರೊಟ್ಟಿ, ಉಸುಳಿ, ಶೇಂಗಾ ಚಟ್ನಿಪುಡಿ ಹಾಕಿಕೊಟ್ಟೆ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂದು ಸುಮ್ಮನೆ ಹೇಳಿದ್ದಾರೆಯೇ?

ಇನ್ನೂರ ಮೂವತ್ತು.

ಅತ್ತೆ ಮಷೀನನ್ನು ಮುಖದ ಹತ್ತಿರ ಹಿಡಿದು, ಕಾಣದಿದ್ದರೂ ಕಂಡವರ ಹಾಗೆ, "ಏನ ತೋಳ, ಏನ ತೋಳ!" ಎಂದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಸೋಲೊಪ್ಪಲಿಲ್ಲ. ಮರುದಿನ ಒಂದೇ ರೊಟ್ಟಿ, ಕಾಳು ಎರಡರಷ್ಟು, ಬೊಗಸೆ ತುಂಬ ಹಸಿ ಮೆಂತ್ಯೆ, ಸೌತೆಕಾಯಿ, ಒಂದು ಬಟ್ಟಲು ಮಜ್ಜಿಗೆ. ನೂರ ಎಪ್ಪತ್ತನಾಲ್ಕು! ರೊಟ್ಟಿ ಒಳ್ಳೆಯದೇ. ಒಳ್ಳೆಯದು ಎಂದು ಒಟ್ಟಿಕೊಂಡು ತಿಂದದ್ದು ಕೆಟ್ಟದ್ದು. ಸುಸಲಾವನ್ನೂ ಸಣ್ಣ ಬಟ್ಟಲಿನಲ್ಲಿ ಅರ್ಧಕ್ಕರ್ಧ ಮಡಕಿ ಕಾಳು ಬೆರೆಸಿ ಕೊಟ್ಟಾಗ ಅದೂ ಅಷ್ಟು ಏರಲಿಲ್ಲ. ಯಾವ ತಿನಿಸೂ ಕಳ್ಳನಲ್ಲ, ಯಾವುದೂ ಸಾಧುವಲ್ಲ. ಎಷ್ಟು, ಯಾವುದರ ಜೊತೆಗೆ, ದಿನಕ್ಕೆ ಎಷ್ಟು ಸಲ, ಇಷ್ಟೇ ಲೆಕ್ಕ.

"ಹಂಗಾರ ಮಿರ್ಚಿ ಭಜಿನೂ ನೋಡೂಣು," ಎಂದರು ಅತ್ತೆ, ಆಸೆ ತಡೆಯದೆ. ಒಂದು ಮಿರ್ಚಿ ತಿಂದಾಗ ಮಷೀನು ಬಹಳ ಏರಲಿಲ್ಲ. "ನೋಡಿದಿ? ಮಿರ್ಚಿ ಔಷಧ!" ಎಂದು ಕುಣಿದಾಡಿದರು. "ಮಷೀನ್ ಬರೇ ಸಕ್ಕರಿ ಹೇಳ್ತೈತ್ರಿ ಅತ್ತಿ. ಎಣ್ಣಿ ಎದೀಗಿ ಏನ ಮಾಡ್ತೈತಿ ಅಂತ ಹೇಳೂದಿಲ್ಲ," ಎಂದು ಬಾಣಲೆ ಎತ್ತಿಟ್ಟೆ.

ಹದಿನೈದು ದಿನದಲ್ಲಿ ಸಕ್ಕರೆ ಹಿಡಿತಕ್ಕೆ ಬಂತು. ಖುಷಿಗೆ ಅತ್ತೆ, "ಮನ್ಯಾಗ ಕುಂತು ಕೈ ಜಡ್ಡಗಟ್ಟ್ಯಾವು, ಊರಾಗ ಒಂದ ಸುತ್ತ ಹಾಕ್ತೇನಿ. ಬಿರಕು ನೀನ ನೋಡಿ ಕೊಡು," ಎಂದು ಮಲಾರ ಇಳಿಸಿದರು. ನಾನು ಒಂದೊಂದೇ ಬಳೆಯನ್ನು ಬೆಳಕಿಗೆ ಹಿಡಿದು ಬಿರುಕಿದ್ದನ್ನು ತೆಗೆದುಕೊಟ್ಟೆ. ಮಧ್ಯಾಹ್ನ ತಿರುಗಿ ಬಂದ ಮೇಲೆ ಬೆರಳು ಚುಚ್ಚಿದರೆ ಮುನ್ನೂರ ಹತ್ತು. ಇನ್ನೊಂದು ಬೆರಳು ಚುಚ್ಚಿ ನೋಡಿದೆ, ಅದೇ.

"ಏನ ತಿಂದ್ರಿ?"

"ಏನೂ ತಿಂದಿಲ್ಲ. ನೀ ಹಾಕಿದ್ದ ಒಂದ ರೊಟ್ಟಿ. ನಿನ್ನಾಣಿ."

ಅತ್ತೆ ಸುಳ್ಳು ಹೇಳುವವರಲ್ಲ. ಮರುದಿನ ಮತ್ತೆ ಅದೇ, ಮತ್ತೆ ಆಣೆ. ಮೂರನೆಯ ದಿನ ಬಾಗಿಲಿಗೆ ಚಿಲಕ ಹಾಕಿ ನಾನೂ ಬೆನ್ನು ಹತ್ತಿದೆ.

ಮೊದಲ ಮನೆಯಲ್ಲಿ ಬಳೆ ಇಟ್ಟ ಮೇಲೆ ತಟ್ಟೆಯಲ್ಲಿ ಚುರುಮುರಿ ಚೂಡಾ ಬಂತು. ಅತ್ತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅರ್ಧ ಕಪ್ ಚಹಾ ಕುಡಿದು ಎದ್ದರು. ಎರಡನೆಯ ಮನೆಯಲ್ಲಿ ಅವಲಕ್ಕಿ, ಚಹಾ. ಮೂರನೆಯದರಲ್ಲಿ ಸುಸಲಾ. ನಾಲ್ಕನೆಯದರಲ್ಲಿ ಬಿಸ್ಕೀಟು ಅದ್ದಿ ಚಹಾ. ಐದನೆಯದರಲ್ಲಿ ಬಾಣಂತಿಗೆ ಮಾಡಿದ ಅಂಟಿನುಂಡಿ, ಅದೂ ಮನೆಯವರೇ ಬಾಯಿಗೆ ತುರುಕಿದ್ದು. ನಾನು ಕಣ್ಣು ಬಿಟ್ಟರೆ ಅತ್ತೆ ನೋಡುವುದಿಲ್ಲ, ಪೊರೆಯ ನೆವ ಬೇರೆ. ಓಣಿಯ ತಿರುವಿನಲ್ಲಿ ಅಡ್ಡ ನಿಂತೆ.

"ಅತ್ತಿ, ಏನೂ ತಿಂದಿಲ್ಲಂದ್ರಿ?"

"ಏನ ತಿಂದೇನಿ?" ಎಂದರು, ನಿಜವಾಗಿಯೂ ಆಶ್ಚರ್ಯದಿಂದ.

"ಹಂಗಾರ ಇದೇನು? ಅವಲಕ್ಕಿ, ಸುಸಲಾ, ಉಂಡಿ!"

"ಹುಚ್ಚಿ, ಅದು ತಿನ್ನೂದಲ್ಲ. ಅದು ಮರ್ಯಾದಿ. ಹೊಟ್ಟಿಗಿ ಅಂತ ತಿಂದ್ರ ತಿಂದಂಗ. ಒಂದ ಹಿಡಿಯಾಗ ಏನೈತಿ?"

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ! ಹತ್ತು ಮನೆಯ ಹತ್ತು ಹಿಡಿ ಸೇರಿದರೆ ಮನೆಮಂದಿಯೆಲ್ಲ ತಿನ್ನುವಷ್ಟಾಗುತ್ತದೆ. ಓಣಿಯಲ್ಲೇ ಕೂಗಾಡಿದೆ. "ನಾ ಡಾಕ್ಟರ ಕಡಿಂದ ಬೈಸ್ಕೊಂಡೇನಿ, ನಿಮ್ಮ ಮಗಳ ಕಡಿಂದ ಬೈಸ್ಕೊಂಡೇನಿ, ನೀವು ಮನಿ ಮನಿ ಮರ್ಯಾದಿ ತಿಂದ ಬರ್ತೀರಿ! ಬ್ಯಾಡ ಅನ್ನಾಕ ಬಾಯಿಲ್ಲೇನು ನಿಮಗ?"

ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಲಾರವನ್ನು ಒಂದು ಕಟ್ಟೆಯ ಮೇಲಿಟ್ಟು ಕೂತರು.

"ಗುಲನಾಜ, ನಾ ಈ ಮನಿಗೋಳಿಗಿ ವ್ಯಾಪಾರದಾಕಿ ಅಲ್ಲ. ಬಳಿ ಇಡಾಕಿ ಅಂದ್ರ ತವರಿನಾಕಿ. ಅವರ ತಾಯಿ ಸತ್ತಿರ್ತಾಳ, ಅಣ್ಣತಮ್ಮರು ತಿರುಗಿ ನೋಡಿರಂಗಿಲ್ಲ, ನಾ ಹೋದ್ರ ತವರ ಬಂತು ಅಂತಾರ. ತವರಿನ ಮಂದಿ ಬರೀ ಬಾಯಿಲೆ ಎದ್ದ ಹ್ವಾದ್ರ ಮುತ್ತೈದಿಗಿ ಒಳ್ಳೇದಲ್ಲ. ಅವರೂ ನಂಬ್ಯಾರ, ನಾನೂ ನಂಬೇನಿ. ಏನಂತ ಬ್ಯಾಡ ಅನ್ನಲಿ?"

ನನ್ನ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ದಾರಿ ಹೊಳೆಯಿತು. ಬಾಯಿಗೆ ಏನಾದರೂ ಹೋಗಬೇಕು, ಅಷ್ಟೇ ತಾನೆ? ಅದು ಚುರುಮುರಿಯೇ ಆಗಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆ ಸಂಜೆಯಿಂದಲೇ ಅತ್ತೆ ಹೋಗುವ ಮನೆಗಳಿಗೆ ಮುಂಚೆ ನಾನು ಹೋದೆ. "ನಮ್ಮ ಅತ್ತಿ ಕಣ್ಣ ಉಳೀಬೇಕಂದ್ರ ಅವರಿಗಿ ಎರಡ ಎಸಳು ಮೆಂತ್ಯಾ ಕೊಡ್ರಿ, ಸೌತಿಕಾಯಿ ಹೋಳ ಕೊಡ್ರಿ, ಮಜ್ಜಿಗಿ ಕೊಡ್ರಿ. ಚಹಾಕ್ಕ ಸಕ್ಕರಿ ಹಾಕಿದ್ರ ನಾ ಮನಿ ಮುಂದ ಬಂದು ಜಗಳಾ ಮಾಡ್ತೇನಿ," ಎಂದೆ. ನನ್ನ ಬಾಯಿ ಊರಿಗೇ ಗೊತ್ತು. ಎಲ್ಲರೂ ಒಪ್ಪಿದರು. ಒಂದು ಮನೆಯವರು ಹಸಿ ಮೂಲಂಗಿ ಹೆಚ್ಚಿಡತೊಡಗಿದರು, ಇನ್ನೊಂದು ಮನೆಯಲ್ಲಿ ಮೊಳಕೆ ಹೆಸರುಕಾಳು. ಅತ್ತೆ ಸಂಜೆ ಬಂದು, "ಊರ ಮಂದಿ ನನ್ನ ಎಮ್ಮಿ ಮಾಡ್ಯಾರ, ಬರೇ ತಪ್ಪಲಾ ತಿನಸ್ತಾರ," ಎಂದು ಗೊಣಗುತ್ತಿದ್ದರು. ಸಕ್ಕರೆ ಇಳಿಯುತ್ತ ಬಂತು. ನಾನು ಗೆದ್ದೆ ಎಂದುಕೊಂಡೆ.

ಒಂದು ಮನೆ ಮಾತ್ರ ಉಳಿದಿತ್ತು. ಲಿಂಬೆ ತೋಟದ ಶೇವಂತೆವ್ವನ ಮನೆ.

ಶೇವಂತೆವ್ವ ಎಂಬತ್ತರ ಹತ್ತಿರದ ಹಿರಿಯಾಕೆ. ಅತ್ತೆ ಇಂಡಿಗೆ ಬಂದ ವರ್ಷವೇ ಅವರ ಕೈಗೆ ಬಳೆ ಇಟ್ಟವರು. ಅವರ ಮಗಳಿಗೂ ಇಟ್ಟರು. ಈಗ ಮೊಮ್ಮಗಳು ಕಾವೇರಿ ಬಸುರಿ, ಏಳು ತಿಂಗಳು, ಕುಬಸ ಇಟ್ಟುಕೊಂಡಿದ್ದರು. ಬಸುರಿ ಹೆಣ್ಣಿಗೆ ಹೊಸ ಸೀರೆ, ಕುಪ್ಪಸ, ಕೈತುಂಬ ಹಸಿರು ಬಳೆ. ಬಳೆ ಇಡುವವರು ರಹಿಮಾಬಿಯೇ, ಬೇರೆ ಮಾತೇ ಇಲ್ಲ. ಆದರೆ ದಿನ ಯಾವುದು? ಅದೇ ಸೋಮವಾರ. ಮುಂಜಾನೆ ಕುಬಸ, ಮಧ್ಯಾಹ್ನ ಎರಡಕ್ಕೆ ನಾವು ವಿಜಯಪುರದ ಆಸ್ಪತ್ರೆಯಲ್ಲಿರಬೇಕು. ಹೋದ ಕೂಡಲೇ ಸಕ್ಕರೆ ನೋಡುತ್ತಾರೆ. ಈ ಸಲ ಏರಿದ್ದರೆ ಮತ್ತೆ ಯಾವಾಗಲೋ.

"ಬಳಿ ಇಟ್ಟ ಕೂಡ್ಲೆ ಎದ್ದ ಬರೂದು," ಎಂದು ದಾರಿಯುದ್ದಕ್ಕೂ ಹೇಳಿದೆ. ಇಜಾಜ ತಾನು ಓಡಿಸುವ ಟೆಂಪೋವನ್ನು ಅವರ ಮನೆಯ ಮುಂದೆಯೇ ತಿರುಗಿಸಿ ನಿಲ್ಲಿಸಿಕೊಂಡ.

ಕಾವೇರಿ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ನಾನು ಒಂದೊಂದು ಬಳೆ ಬೆಳಕಿಗೆ ಹಿಡಿದು ನೋಡಿ ಕೊಟ್ಟೆ, ಅತ್ತೆ ಇಡುತ್ತ ಹೋದರು. ಬಸುರಿಯ ಕೈ ಸ್ವಲ್ಪ ಬಾತಿತ್ತು. ಅತ್ತೆ ಅವಳ ಗಂಡನ ಗೊರಕೆಯ ಮಾತು ತೆಗೆದು ನಗಿಸಿ ನಗಿಸಿ ಎರಡೂ ಕೈ ತುಂಬಿಸಿದರು. ಒಂದೂ ಒಡೆಯಲಿಲ್ಲ. ನಾನು ಮಲಾರ ಕಟ್ಟಿ ಎದ್ದೆ. ಅಷ್ಟರಲ್ಲಿ ಶೇವಂತೆವ್ವ ತಾವೇ ಎರಡು ಕೈಯಲ್ಲಿ ತಾಟು ಹಿಡಿದು ಬಂದರು. ಎರಡು ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಸುಸಲಾ.

"ಅವ್ವಾರ, ಇವತ್ತ ಬ್ಯಾಡ್ರಿ," ಎಂದೆ. "ಇನ್ನ ಎರಡ ತಾಸಿಗಿ ಸಕ್ಕರಿ ನೋಡ್ತಾರ್ರಿ. ಏರಿತಂದ್ರ ಕಣ್ಣ ಮಾಡೂದಿಲ್ರಿ."

"ನಿನ್ನ ಮೆಂತ್ಯಾ ತಪ್ಪಲಾ ದಿನಾ ಇರ್ಲಿ ಬಿಡವ್ವಾ," ಎಂದರು ಶೇವಂತೆವ್ವ. "ಇದು ಕುಬಸ. ಬಳಿ ಇಟ್ಟ ತವರಿನಾಕಿ ಸಿಹಿ ತಿನ್ನಲಾರ್ದ ಎದ್ದ ಹ್ವಾದ್ರ, ನಾಳೆ ಹುಡುಗಿಗಿ ಏನರ ಹೆಚ್ಚುಕಮ್ಮಿ ಆದ್ರ ನೀ ಬಂದು ನಿಂದರ್ತಿಯೇನು?"

ಪಡಸಾಲೆಯಲ್ಲಿ ಕೂತ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನನಗೆ ಸಿಟ್ಟು ನೆತ್ತಿಗೇರಿತು, ಬಾಯಿ ತೆರೆಯುವುದರೊಳಗೆ ಅತ್ತೆ ನನ್ನ ಮೊಣಕೈ ಹಿಡಿದು ಜಗ್ಗಿದರು.

"ಸುಮ್ಮನಿರು. ನನ್ನ ಕಣ್ಣ ಹ್ವಾದ್ರ ನನ್ನದೊಂದ ಹೋಗ್ತೈತಿ. ಆ ಕೂಸಿಗಿ ಏನರ ಆದ್ರ ನಾ ಹೆಂಗ ಬದಕ್ಲಿ?" ಎಂದು ತಾಟಿಗೆ ಕೈ ಚಾಚಿದರು. ಮಬ್ಬುಗಣ್ಣಿಗೆ ತಾಟಿನ ಅಂಚು ಸಿಗದೆ ಬೆರಳು ಗಾಳಿಯಲ್ಲಿ ಹುಡುಕಾಡಿತು.

ಆ ಕೈಯನ್ನು ಕಾವೇರಿ ಹಿಡಿದುಕೊಂಡಳು. ಹೊಸ ಬಳೆಗಳೆಲ್ಲ ಒಮ್ಮೆಗೇ ಸದ್ದು ಮಾಡಿದವು.

"ಆಯಿ, ಇದನ್ನ ನೀ ಇವತ್ತ ತಿನ್ನಬ್ಯಾಡ. ಬಾಕಿ ಇಟ್ಟ ಹೋಗು."

"ಬಾಕಿ?"

"ಹೂಂ. ಕೂಸಿಗಿ ಬಳಿ ಇಡಾಕ ನೀನ ಬರಬೇಕಲ್ಲ? ಉಂಡ ಹ್ವಾದಾಕಿ ಬಂದಾಳು, ಬಿಟ್ಟಾಳು. ಬಾಕಿ ಇದ್ದಾಕಿ ಬರಾಕ ಬೇಕು. ಕಣ್ಣ ಮಾಡ್ಸ್ಕೊಂಡ ಬಾ, ನನ್ನ ಕೂಸಿನ ಮಾರಿ ನೋಡು, ಅವತ್ತ ಇದ ತಾಟಿನಾಗ ಒಂದ ತುಣುಕ ತಿನ್ನು." ಆಮೇಲೆ ಅಜ್ಜಿಯ ಕಡೆ ತಿರುಗಿದಳು. "ಆಯಿ ಕುರುಡಾಗಿ ಮನ್ಯಾಗ ಕುಂತ್ರ ನನಗ ಒಳ್ಳೇದಾಗ್ತೈತೇನ ಅಜ್ಜಿ? ನೀನ ಹೇಳು."

ಶೇವಂತೆವ್ವ ತಾಟು ಹಿಡಿದೇ ನಿಂತರು. ಮೊಮ್ಮಗಳ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಮುದುಕಿ ಗಟ್ಟಿ, ಆದರೆ ಕಟುಕಿಯಲ್ಲ. ಬಾಕಿ ಎಂಬ ಮಾತು ಅವರ ಮನಸ್ಸಿಗೆ ಹಿಡಿಸಿತು. ತಾಟನ್ನು ಒಳಗಿಟ್ಟು ಬಂದು, "ಬಾಯಿಗಿ ಏನರ ಬೇಕಲ್ಲ ಮತ್ತ," ಎಂದು ಒಂದು ಶೇಂಗಾ ಬೀಜ ತಂದು ಅತ್ತೆಯ ಬಾಯಿಗೆ ತಾವೇ ಹಾಕಿದರು. "ರಹಿಮಾ, ಬಾಕಿ ಮುಳಗಿಸಿ ಗಿಳಗಿಸಿದಿ ನೋಡು!" ಎಂದು ಗದರಿಸಿದರು. ಅತ್ತೆ ಆ ಒಂದು ಕಾಳನ್ನು ಟೆಂಪೋ ಹತ್ತುವವರೆಗೂ ಅಗಿಯುತ್ತಿದ್ದರು.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದರು. ನೂರ ಅರವತ್ತೆಂಟು. ಡಾಕ್ಟರರು ನನ್ನ ಕಡೆ ನೋಡಿ, "ಈಗ ಏನು ತಿನ್ನಿಸ್ತೀರಮ್ಮ?" ಎಂದರು, ನಗುತ್ತ. "ಅದನ್ನ ಹೇಳಾಕ ಕುಂತ್ರ ನಿಮ್ಮ ಓಪಿಡಿ ಮುಚ್ಚೂ ಹೊತ್ತಾಗ್ತೈತ್ರಿ ಸಾಹೇಬ್ರ," ಎಂದೆ. ನೇರ ಹೇಳಿದೆ, ನುಂಗಿಕೊಳ್ಳಲಿಲ್ಲ.

ಮರುದಿನ ಬಲಗಣ್ಣಿನ ಆಪರೇಶನ್ ಆಯಿತು. ಅದರ ಮರುದಿನ ಮುಂಜಾನೆ ಪಟ್ಟಿ ಬಿಚ್ಚಿ, ಔಷಧ ಹಾಕಿ, ಕಪ್ಪು ಕನ್ನಡಕ ಕೊಟ್ಟು ಹೋದರು. ಅತ್ತೆ ಕನ್ನಡಕದೊಳಗಿಂದಲೇ ಸುತ್ತ ನೋಡಿದರು. "ಗ್ವಾಡಿ ಇಷ್ಟ ಬೆಳ್ಳಗ ಇರ್ತಾವೇನ?" ಎಂದರು. ಕಿಟಕಿಯ ಸರಳು ನೋಡಿದರು, ಪಕ್ಕದ ಹಾಸಿಗೆಯವರ ಚಾದರದ ಹೂವು ನೋಡಿದರು. ಆಮೇಲೆ ಮಂಚದಿಂದ ಇಳಿಯಲು ನನ್ನ ಕೈ ಹಿಡಿದವರು ಅಲ್ಲೇ ನಿಂತುಬಿಟ್ಟರು.

"ಇದೇನ ಇದು?"

ನನ್ನ ಮಣಿಕಟ್ಟಿನಲ್ಲಿ ಎರಡು ಪ್ಲಾಸ್ಟಿಕ್ ಬಳೆ. ಬಸ್‌ಸ್ಟ್ಯಾಂಡಿನ ಎದುರಿನ ಫ್ಯಾನ್ಸಿ ಅಂಗಡಿಯವು.

"ಯಾವಾಗಿಂದ?"

"ಎರಡ ವರ್ಷ ಆತ್ರಿ. ರೊಟ್ಟಿ ಬಡಿಯೂವಾಗ ಗಾಜಿನವು ಒಂದೊಂದ ಒಡದ್ವು."

"ನನಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ಇಡಾಕ ಕುಂಡರ್ತಿದ್ರಿ. ನಿಮಗ ಆಗಲೇ ಮಬ್ಬ ಕಾಣ್ತಿತ್ತು. ನನ್ನ ಕೈಯಾಗ ರಕ್ತ ಬಂದ್ರ ನೀವು ಮತ್ತೆಂದೂ ಮಲಾರ ಮುಟ್ಟತಿರಲಿಲ್ರಿ."

ಅತ್ತೆ ಆ ಎರಡು ಬಳೆಯನ್ನೂ ಬೆರಳಿನಿಂದ ತಿರುಗಿಸಿ ನೋಡಿದರು. "ಊರ ಮಂದಿ ಕೈ ತುಂಬಿದ್ನಿ. ನನ್ನ ತಾಟ ತುಂಬೂ ಕೈ ಖಾಲಿ ಐತಿ ಅಂತ ನನಗ ಕಾಣಲಿಲ್ಲಲ್ಲ, ಯಾ ಅಲ್ಲಾ," ಎಂದರು. ಕುಬಸದಿಂದ ನೇರ ಬಂದದ್ದರಿಂದ ಮಲಾರ ಮಂಚದ ಕೆಳಗೇ ಇತ್ತು. ಎಳೆಯಲು ಹೇಳಿದರು. ಪ್ಲಾಸ್ಟಿಕ್ ಬಳೆ ಎರಡನ್ನೂ ತೆಗೆದು ಕಸದ ಬುಟ್ಟಿಗೆ ಒಗೆದರು. ಕಡುಗೆಂಪು ಬಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ತಾವೇ ನೋಡಿ ಆರಿಸಿದರು. ನರ್ಸಮ್ಮ ಬಂದು ಬಗ್ಗಬೇಡಿ ಎಂದು ಗದರಿದರೆ, "ಬಗ್ಗಂಗಿಲ್ಲವ್ವಾ, ಕುಂತ ಇಡ್ತೇನಿ," ಎಂದರು.

ನಾನು ಮಂಚದ ಅಂಚಿಗೆ ಕೂತು ಕೈ ಚಾಚಿದೆ. ಅತ್ತೆ ಹೆಬ್ಬೆರಳಿನ ಬುಡ ಒತ್ತಿದರು. ನಾನು ಜಗಳಗಂಟಿ, ಅಳುವವಳಲ್ಲ. ಆದರೆ ಕಣ್ಣೀರು ತಾನಾಗಿ ಇಳಿಯಿತು, ಕೈ ಬಿಗಿದುಕೊಂಡಿತು.

"ಅಳೂದಿದ್ರ ಆಮ್ಯಾಲ ಅಳುವಂತಿ," ಎಂದರು ಅತ್ತೆ. "ಈಗ ಕೈ ಸಡ್ಲ ಬಿಡು."